ಪೋಸ್ಟ್ ಅಳಿಸಬಹುದು, ಬೆನ್ನು ಬಿದ್ದವನನ್ನು ಬಿಡಿಸುವುದು ಹೇಗೆ?

ಕೇಂದ್ರ ಸರ್ಕಾರದ ‘ಸಹಯೋಗ್’ ಪೋರ್ಟಲ್ ಪ್ರಶ್ನಿಸಿ ಎಕ್ಸ್ (ಹಿಂದಿನ ಟ್ವಿಟರ್) ಜಾಲತಾಣದ ಕಂಪನಿ ಎಕ್ಸ್ ಕಾರ್ಪ್ ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಸುದ್ದಿ ಓದಿದ ಅನೇಕರಿಗೆ ಅನ್ನಿಸಿದ್ದು ಇಷ್ಟು: ಜಾಲತಾಣಗಳಿಗೆ ಕೊನೆಗೂ ಮೂಗುದಾರ ಬಿತ್ತು, ಇನ್ನು ಆನ್‌ಲೈನ್‌ನಲ್ಲಿ ಹೆಣ್ಣುಮಕ್ಕಳ ಬೆನ್ನು ಬೀಳುವವರ ಆಟ ನಡೆಯದು. ಆದರೆ ‘ಒಬ್ಬ ಬಿಡದೆ ಮೆಸೇಜ್ ಮಾಡುತ್ತಿದ್ದಾನೆ’ ಎಂದು ಠಾಣೆಗೆ ಹೋದವರ ಕಿವಿಗೆ ಬೀಳುವ ಮೊದಲ ಸಲಹೆ ಈಗಲೂ ‘ಬ್ಲಾಕ್ ಮಾಡಿ ಸುಮ್ಮನಿದ್ದುಬಿಡಿ’ ಎಂಬುದೇ. ಅಧಿಕಾರ ಇಷ್ಟೊಂದು ಇದೆ ಎನ್ನುತ್ತಾರೆ, ಕೆಲಸ ಮಾತ್ರ ಆಗುವುದಿಲ್ಲ. ಏನಿದು?

ಎರಡೂ ನಿಜವೇ. ಸಹಯೋಗ್ ಇರುವುದು ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರದ ಉಸ್ತುವಾರಿಯಲ್ಲಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 79(3)(ಬಿ) ಪ್ರಕಾರ ‘ಇಂಥ ಪೋಸ್ಟ್ ಕಾನೂನುಬಾಹಿರ, ತೆಗೆಯಿರಿ’ ಎಂದು ಕಂಪನಿಗಳಿಗೆ ನೋಟಿಸ್ ಕಳಿಸುವ ದಾರಿ ಅದು. ಅಂದರೆ ಅದು ಮುಟ್ಟುವುದು ಪೋಸ್ಟನ್ನು. ಸ್ಟಾಕಿಂಗ್‌ನಲ್ಲಿ, ಅಂದರೆ ಹೀಗೆ ಬಿಡದೆ ಬೆನ್ನು ಬೀಳುವುದರಲ್ಲಿ, ಅಪರಾಧ ಪೋಸ್ಟಿನಲ್ಲಿ ಇರುವುದಿಲ್ಲ, ವಾರಗಟ್ಟಲೆ ತಿಂಗಳುಗಟ್ಟಲೆ ನಡೆಯುವ ವರ್ತನೆಯಲ್ಲಿ ಇರುತ್ತದೆ. ನಮ್ಮ ದೂರಿನ ನಮೂನೆ, ತನಿಖೆಯ ಕ್ರಮ, ಜಾಮೀನಿನ ನಿಯಮ, ಕಂಪನಿಗಳ ‘ರಿಪೋರ್ಟ್’ ಬಟನ್ ಎಲ್ಲವೂ ಒಂದೊಂದು ಸಂದೇಶವನ್ನು ಬಿಡಿಯಾಗಿ ತೂಗುತ್ತವೆ. ಬಿಡಿಯಾಗಿ ತೂಗಿದಾಗ ಯಾವುದಕ್ಕೂ ತೂಕ ಬರುವುದಿಲ್ಲ.

‘ಹಳದಿ ಬಣ್ಣ ನಿಮಗೆ ಒಪ್ಪುತ್ತೆ’

ಈ ವಾಕ್ಯವನ್ನೇ ತೆಗೆದುಕೊಳ್ಳಿ. ಇದರಲ್ಲಿ ಬೈಗುಳವಿಲ್ಲ, ಅಶ್ಲೀಲವಿಲ್ಲ, ಬೆದರಿಕೆಯೂ ಇಲ್ಲ. ಜಾಲತಾಣಕ್ಕೆ ರಿಪೋರ್ಟ್ ಮಾಡಿದರೆ ‘ನಮ್ಮ ನಿಯಮ ಉಲ್ಲಂಘನೆಯಾಗಿಲ್ಲ’ ಎಂಬ ಉತ್ತರ ಬರುತ್ತದೆ. ಆ ಲೆಕ್ಕದಲ್ಲಿ ಅದು ಸರಿಯೇ. ಈಗ ಹಿನ್ನೆಲೆ ಸೇರಿಸಿ. ಕಳಿಸಿದವನನ್ನು ಆಕೆ ಎರಡು ತಿಂಗಳ ಹಿಂದೆಯೇ ಬ್ಲಾಕ್ ಮಾಡಿದ್ದಾಳೆ. ಇದು ಅವನ ಎಂಟನೇ ಖಾತೆ. ಹಳದಿ ಬಟ್ಟೆಯ ಫೋಟೊವನ್ನು ಆಕೆ ಎಲ್ಲಿಯೂ ಹಾಕಿಲ್ಲ, ಅದನ್ನು ಉಟ್ಟದ್ದು ಅವತ್ತು ಬೆಳಿಗ್ಗೆ. ಈಗ ಅದೇ ನಾಲ್ಕು ಪದ ‘ನಿನ್ನನ್ನು ನೋಡುತ್ತಿದ್ದೇನೆ’ ಎಂದು ಹೇಳುತ್ತಿದೆ. ಆದರೆ ಈ ಹಿನ್ನೆಲೆಯೆಲ್ಲ ಇರುವುದು ಆಕೆಯ ತಲೆಯಲ್ಲಿ, ಕಂಪನಿಯ ಪರದೆಯ ಮೇಲೆ ಅಲ್ಲ, ಠಾಣೆಯ ಡೈರಿಯಲ್ಲಿಯೂ ಅಲ್ಲ.

ಬೆನ್ನು ಬೀಳುವವರು ಬಳಸುವ ದಾರಿಗಳಲ್ಲಿ ಮೆಸೇಜ್ ಒಂದು ಮಾತ್ರ. ಎಲ್ಲ ಕಡೆ ಬ್ಲಾಕ್ ಆದ ಮೇಲೆ ಯುಪಿಐ ಮೂಲಕ ಒಂದು ರೂಪಾಯಿ ಕಳಿಸಿ, ಅದರ ಟಿಪ್ಪಣಿಯಲ್ಲಿ ‘ಕಾಲ್ ಮಾಡು’ ಎಂದು ಬರೆಯುವುದುಂಟು. ಮೂರು ವರ್ಷ ಹಳೆಯ ಫೋಟೊಗಳಿಗೆ ನಡುರಾತ್ರಿ ಸಾಲಾಗಿ ಲೈಕ್ ಒತ್ತುವುದು, ಆಕೆಯ ಗೆಳತಿಯರಿಗೆ, ಸಹೋದ್ಯೋಗಿಗಳಿಗೆ ಫ್ರೆಂಡ್ ರಿಕ್ವೆಸ್ಟ್ ಕಳಿಸುವುದು, ಆಕೆಯ ಹೆಸರಿನಲ್ಲೇ ಖಾತೆ ತೆರೆದು ನಂಬರ್ ಹಂಚುವುದು ಬೇರೆ. ಕೊನೆಯದರಲ್ಲಿ ಕಾಡುವವನು ಸ್ವತಃ ಏನೂ ಮಾಡಬೇಕಿಲ್ಲ, ಊರವರ ಕೈಯಲ್ಲಿ ಫೋನ್ ಮಾಡಿಸುತ್ತಾನೆ.

ಕಾನೂನು ನಡೆದು ಬಂದ ದಾರಿ

ಭಾರತದ ಮೊದಲ ಸೈಬರ್ ಸ್ಟಾಕಿಂಗ್ ಪ್ರಕರಣ ಎಂದು ಸಾಮಾನ್ಯವಾಗಿ ಉಲ್ಲೇಖವಾಗುವ ದೆಹಲಿಯ ಪ್ರಕರಣದಲ್ಲಿ ನಡೆದದ್ದೂ ಅದೇ. ಈ ಶತಮಾನದ ಆರಂಭದ ಮಾತು. ಆರೋಪಿ ಮಹಿಳೆಯೊಬ್ಬರ ಹೆಸರಿನಲ್ಲಿ ಚಾಟ್ ಮಾಡಿ ಆಕೆಯ ದೂರವಾಣಿ ಸಂಖ್ಯೆ ಹಂಚಿದ್ದ. ಹೊತ್ತಲ್ಲದ ಹೊತ್ತಿನಲ್ಲಿ ಅಪರಿಚಿತರ ಕರೆ ಶುರುವಾಯಿತು. ಆಗ ಪೊಲೀಸರಿಗೆ ಸಿಕ್ಕಿದ್ದು ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಕಲಂ 509, ಅಂದರೆ ಮಾತು ಅಥವಾ ಸನ್ನೆಯಿಂದ ಮಹಿಳೆಯ ಮಾನಕ್ಕೆ ಧಕ್ಕೆ ತರುವುದು. ಸನ್ನೆ ಮಾಡಿದವನಾದರೂ ಇಲ್ಲಿ ಎಲ್ಲಿದ್ದ?

2009ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಕಲಂ 66ಎ ಈ ಕೊರತೆಯನ್ನು ತುಂಬುವಂತೆ ಕಂಡಿತು. ‘ಕಿರಿಕಿರಿ’, ‘ಅನನುಕೂಲ’ ಉಂಟುಮಾಡುವ ಸಂದೇಶವೂ ಅದರಲ್ಲಿ ಅಪರಾಧ. ಬಲೆ ಎಷ್ಟು ದೊಡ್ಡದಿತ್ತೆಂದರೆ ರಾಜಕಾರಣಿಗಳನ್ನು ಟೀಕಿಸಿದವರೂ ಅದರಲ್ಲಿ ಸಿಕ್ಕಿಬಿದ್ದರು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ತೀರ್ಪು ಸರಿಯಾಗಿಯೇ ಇತ್ತು. ಆದರೆ ಆನ್‌ಲೈನ್ ಕಿರುಕುಳ ಎಂದರೆ 66ಎ ಎಂದು ರೂಢಿ ಮಾಡಿಕೊಂಡಿದ್ದ ಠಾಣೆಗಳು ಬೇರೆ ಕಲಂ ಹುಡುಕುವ ಅಭ್ಯಾಸವನ್ನೇ ಬೆಳೆಸಿಕೊಂಡಿರಲಿಲ್ಲ. ರದ್ದಾದ ಕಲಂ ಅಡಿಯಲ್ಲಿ ಕೇಸು ಹಾಕಬೇಡಿ ಎಂದು 2022ರಲ್ಲಿ ಕೋರ್ಟ್ ಮತ್ತೆ ಹೇಳಬೇಕಾಯಿತು.

ಹಾಗೆ ನೋಡಿದರೆ ಸ್ಟಾಕಿಂಗ್‌ಗೆಂದೇ ಕಲಂ 2013ರಲ್ಲೇ ಬಂದಿತ್ತು. ದೆಹಲಿಯ ನಿರ್ಭಯಾ ಪ್ರಕರಣದ ನಂತರ ರಚನೆಯಾದ ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿ, ಅದರ ಬೆನ್ನಲ್ಲೇ ಬಂದ ಸುಗ್ರೀವಾಜ್ಞೆ, ನಂತರದ ತಿದ್ದುಪಡಿ ಕಾಯ್ದೆಯಿಂದ ಐಪಿಸಿಗೆ 354ಡಿ ಸೇರಿತು. ಸುಗ್ರೀವಾಜ್ಞೆಯಲ್ಲಿ ‘ಯಾರೇ ಆಗಲಿ, ಯಾವುದೇ ವ್ಯಕ್ತಿಯನ್ನು’ ಎಂದಿದ್ದ ಪದಗಳು ಕಾಯ್ದೆಯಾಗುವಾಗ ‘ಪುರುಷನು, ಮಹಿಳೆಯನ್ನು’ ಎಂದಾದವು. ಮೊದಲ ಬಾರಿಯ ಅಪರಾಧಕ್ಕೆ ಜಾಮೀನು ಸಿಗಬೇಕೆಂದು ಸರ್ವಪಕ್ಷ ಸಭೆಯಲ್ಲಿ ಒಪ್ಪಂದವಾಯಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಕಲಂ 78 ಎಂಬ ಹೊಸ ಸಂಖ್ಯೆ ಪಡೆದಿದೆ. ಒಳಗಿನ ಸರಕು ಬಹುತೇಕ ಹಳೆಯದೇ.

ಕಲಂ 78ರ ಬಿರುಕುಗಳು

ಕಲಂ ಎರಡು ಕೃತ್ಯಗಳನ್ನು ಹೇಳುತ್ತದೆ. ಮಹಿಳೆ ಸ್ಪಷ್ಟವಾಗಿ ಅನಾಸಕ್ತಿ ತೋರಿದ ಮೇಲೂ ಮತ್ತೆ ಮತ್ತೆ ಆಕೆಯನ್ನು ಹಿಂಬಾಲಿಸಿ ಸಂಪರ್ಕಿಸುವುದು ಅಥವಾ ಸಂಪರ್ಕಕ್ಕೆ ಯತ್ನಿಸುವುದು ಮೊದಲನೆಯದು. ಆಕೆಯ ಇಂಟರ್‌ನೆಟ್, ಇಮೇಲ್ ಅಥವಾ ಇತರ ಎಲೆಕ್ಟ್ರಾನಿಕ್ ಸಂವಹನದ ಬಳಕೆಯ ಮೇಲೆ ನಿಗಾ ಇಡುವುದು ಎರಡನೆಯದು. ಮೊದಲ ಬಾರಿ ಶಿಕ್ಷೆಯಾದರೆ 3 ವರ್ಷದವರೆಗೆ, ಮತ್ತೆ ಅದೇ ತಪ್ಪಿಗೆ ಶಿಕ್ಷೆಯಾದರೆ 5 ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ.

ತೊಡಕು ಶುರುವಾಗುವುದು ‘ಹಿಂಬಾಲಿಸಿ ಸಂಪರ್ಕಿಸುವುದು’ ಎಂಬಲ್ಲೇ. ಮನೆಯಿಂದ ಕದಲದೆ ಇನ್ನೂರು ಮೆಸೇಜ್ ಕಳಿಸಿದವನು ‘ಹಿಂಬಾಲಿಸಿದ’ ಹಾಗಾಯಿತೇ? ಆನ್‌ಲೈನ್‌ನಲ್ಲಿ ಬೆನ್ನು ಬೀಳುವುದೂ ಹಿಂಬಾಲಿಸುವುದೇ ಎಂಬುದು ಸಂತ್ರಸ್ತರ ಪರ ವಕೀಲರ ವಾದ. ದಂಡನಾ ಕಾನೂನನ್ನು ಎಳೆದು ಅರ್ಥೈಸಬಾರದು ಎಂಬುದು ಆರೋಪಿ ಪರ ವಾದ. ಎರಡನೇ ಭಾಗದ ‘ನಿಗಾ’ ಎಂಬುದಕ್ಕೂ ವ್ಯಾಖ್ಯಾನವಿಲ್ಲ. ಎಲ್ಲರಿಗೂ ಕಾಣುವ ಪ್ರೊಫೈಲನ್ನು ದಿನಕ್ಕೆ ಐವತ್ತು ಸಲ ನೋಡುವುದು ನಿಗಾವೇ, ಅಥವಾ ಪಾಸ್‌ವರ್ಡ್ ಕದ್ದು ಒಳಹೊಕ್ಕರೆ ಮಾತ್ರ ನಿಗಾವೇ? ಕಲಂ ಹೇಳುವುದಿಲ್ಲ.

‘ಸ್ಪಷ್ಟ ಅನಾಸಕ್ತಿ’ಯನ್ನು ಸಾಬೀತು ಮಾಡುವ ಹೊಣೆ ದೂರು ಕೊಟ್ಟವರ ಮೇಲೆ ಬೀಳುತ್ತದೆ. ಭಯದಿಂದಲೋ ಸೌಜನ್ಯದಿಂದಲೋ ‘ಈಗ ಬ್ಯುಸಿ ಇದ್ದೀನಿ’ ಎಂದು ಬರೆದ ಒಂದು ಉತ್ತರ ಕೋರ್ಟಿನಲ್ಲಿ ‘ಇಬ್ಬರ ನಡುವಿನ ಮಾತುಕತೆ’ ಆಗಿಬಿಡುತ್ತದೆ. ‘ಮತ್ತೆ ಮತ್ತೆ’ ಎಂಬ ಷರತ್ತಿನಿಂದ ಇನ್ನೊಂದು ಪೇಚು. ಎಂಟು ಖಾತೆಗಳಿಂದ ಒಂದೊಂದೇ ಸಂದೇಶ ಬಂದಿದ್ದರೆ, ಎಂಟೂ ಒಬ್ಬನವೇ ಎಂದು ತೋರಿಸುವವರೆಗೆ ‘ಮತ್ತೆ ಮತ್ತೆ’ ಎಂಬುದೇ ಸಿದ್ಧವಾಗುವುದಿಲ್ಲ. ಅಪರಾಧ ನಡೆದಿದೆ ಎನ್ನಲು ಅಪರಾಧಿ ಮೊದಲೇ ಪತ್ತೆಯಾಗಿರಬೇಕು ಎಂಬ ವಿಚಿತ್ರ ಸ್ಥಿತಿ ಇದು.

ಪುರುಷರು ಸಂತ್ರಸ್ತರಾದರೆ ಈ ಕಲಂ ಅನ್ವಯಿಸುವುದೇ ಇಲ್ಲ. ಕ್ರಿಮಿನಲ್ ಬೆದರಿಕೆಯ ಕಲಂ 351, ಮಾನಹಾನಿಯ 356, ಗುರುತು ಕಳವಿನ ಐಟಿ ಕಾಯ್ದೆ 66ಸಿ ಮುಂತಾದವನ್ನು ಹೆಕ್ಕಬೇಕು. 18 ವರ್ಷದೊಳಗಿನವರಾದರೆ ಪರಿಸ್ಥಿತಿ ವಾಸಿ. ಲೈಂಗಿಕ ಉದ್ದೇಶದಿಂದ ಮಗುವನ್ನು ಪದೇ ಪದೇ ಹಿಂಬಾಲಿಸುವುದು, ಗಮನಿಸುವುದು, ನೇರವಾಗಿ ಅಥವಾ ಡಿಜಿಟಲ್ ಮಾರ್ಗದಲ್ಲಿ ಸಂಪರ್ಕಿಸುವುದು ಪೋಕ್ಸೊ ಕಲಂ 11ರ ಪ್ರಕಾರ ಅಪರಾಧ. ಅಲ್ಲಿ ಹುಡುಗ, ಹುಡುಗಿ ಎಂಬ ಭೇದವಿಲ್ಲ. ‘ಡಿಜಿಟಲ್’ ಎಂಬ ಪದವೂ ಬಾಯಿಬಿಟ್ಟು ಹೇಳಿದೆ. ಒಂದೇ ಸಂಸತ್ತು 2012ರಲ್ಲಿ ಬರೆದ ಸ್ಪಷ್ಟತೆಯನ್ನು 2013ರಲ್ಲಿ ಯಾಕೆ ಕೈಬಿಟ್ಟಿತೋ!

ಜಾಮೀನು ಎಂಬ ಎಡವಟ್ಟು

ಮೊದಲ ಬಾರಿಯ ಸ್ಟಾಕಿಂಗ್ ಜಾಮೀನು ನೀಡಬಹುದಾದ ಅಪರಾಧ. ಇಂಥ ಅಪರಾಧದಲ್ಲಿ ಜಾಮೀನು ಆರೋಪಿಯ ಹಕ್ಕು. ಭದ್ರತೆ ಒದಗಿಸಿದರೆ ಠಾಣೆಯಲ್ಲೇ ಬಿಡಬೇಕು. ಜಾಮೀನುರಹಿತ ಅಪರಾಧವಾಗಿದ್ದರೆ ನ್ಯಾಯಾಧೀಶರು ‘ದೂರುದಾರರನ್ನು ಸಂಪರ್ಕಿಸಕೂಡದು’ ಎಂಬ ಷರತ್ತು ಹಾಕಬಹುದಿತ್ತು. ಇಲ್ಲಿ ವಿವೇಚನೆಗೇ ಜಾಗವಿಲ್ಲದ್ದರಿಂದ ಅಂಥ ಷರತ್ತಿಗೂ ಜಾಗ ಸಿಗುವುದಿಲ್ಲ. ಸ್ಟಾಕಿಂಗ್‌ನಲ್ಲಿ ಸಂತ್ರಸ್ತರಿಗೆ ಬೇಕಾದದ್ದು ಬಹುಪಾಲು ಆ ಒಂದು ಷರತ್ತೇ.

ಎರಡನೇ ಬಾರಿಗೆ ಜಾಮೀನುರಹಿತ ಎಂದರೂ, ಅಲ್ಲಿ ‘ಎರಡನೇ ಬಾರಿ’ ಎಂದರೆ ಎರಡನೇ ದೂರಲ್ಲ, ಎರಡನೇ ಸಲ ಶಿಕ್ಷೆಯಾಗುವುದು. ಮೊದಲ ಕೇಸು ವಿಚಾರಣೆ ಮುಗಿದು ಶಿಕ್ಷೆಯಾಗುವವರೆಗೆ ಅವನು ಎಷ್ಟು ಸಲ ಮರಳಿ ಬಂದರೂ ಕಾನೂನಿನ ಕಣ್ಣಿಗೆ ‘ಮೊದಲ ಬಾರಿ’ಯವನೇ.

ಎಲ್ಲ ಸ್ಟಾಕಿಂಗನ್ನೂ ಜಾಮೀನುರಹಿತ ಮಾಡಿ ಎಂಬ ಬೇಡಿಕೆ ಹುಟ್ಟುವುದು ಇಲ್ಲಿಂದ. ಪ್ರೀತಿಸಿ ಬೇರೆಯಾದವರ ಜಗಳ, ಹುಡುಗಿಯ ಮನೆಯವರಿಗೆ ಒಪ್ಪಿಗೆಯಿಲ್ಲದ ಸಂಬಂಧ ಮುಂತಾದವುಗಳಲ್ಲಿ ಹುಡುಗನನ್ನು ಜೈಲಿಗೆ ಕಳಿಸಲು ಅದು ಸುಲಭದ ಅಸ್ತ್ರವಾದೀತು ಎಂಬ ಆಕ್ಷೇಪವೂ ಇದೆ. ಆಕ್ಷೇಪ ಪೊಳ್ಳಲ್ಲ. ಆದರೆ ಈ ಜಗ್ಗಾಟದಲ್ಲಿ ಮೂರನೇ ದಾರಿಯೊಂದು ಮರೆಯಾಗಿದೆ. ಅದರ ವಿಚಾರ ಮುಂದೆ ಬರುತ್ತದೆ.

ಠಾಣೆಯಲ್ಲಿ ಏನಾಗುತ್ತದೆ

1930ಕ್ಕೆ ಕರೆ ಮಾಡಿ ನಿರಾಶರಾಗುವವರು ಬಹಳ. ಅದು ಹಣಕಾಸು ವಂಚನೆಯ ಸಹಾಯವಾಣಿ. ಬ್ಯಾಂಕ್ ಖಾತೆಯಿಂದ ಹೋದ ದುಡ್ಡನ್ನು ದಾರಿಯಲ್ಲೇ ತಡೆಯಲು ಕಟ್ಟಿದ ವ್ಯವಸ್ಥೆ. ಸ್ಟಾಕಿಂಗ್ ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳ ವಿರುದ್ಧದ ಅಪರಾಧಗಳ ವಿಭಾಗದಲ್ಲಿ ದಾಖಲಿಸಬಹುದು. ಆದರೆ ಅಲ್ಲಿ ಸಿಗುವ ಸ್ವೀಕೃತಿ ಸಂಖ್ಯೆ ಎಫ್‌ಐಆರ್ ಅಲ್ಲ. ದೂರು ರಾಜ್ಯ ಪೊಲೀಸರಿಗೆ ಹೋಗಿ, ಅವರು ಠಾಣೆಗೆ ಕಳಿಸಿ, ಠಾಣೆಯವರು ದಾಖಲಿಸಿದ ಮೇಲಷ್ಟೇ ತನಿಖೆ. ಅಪಾಯ ಕಣ್ಣೆದುರಿಗಿದ್ದರೆ 112.

ವ್ಯಾಪ್ತಿಯ ನೆಪ ಹೇಳಿ ವಾಪಸು ಕಳಿಸುವಂತಿಲ್ಲ. ತನಿಖೆ, ವಿಚಾರಣೆಯ ಕ್ರಮ ಹೇಳುವ ಹೊಸ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಯಾವ ಠಾಣೆಯಲ್ಲಾದರೂ ‘ಜೀರೊ ಎಫ್‌ಐಆರ್’ ಆಗಬಹುದು. ಇಮೇಲ್‌ನಂಥ ಎಲೆಕ್ಟ್ರಾನಿಕ್ ಮಾರ್ಗದಲ್ಲಿ ದೂರು ಕೊಟ್ಟರೆ ಮೂರು ದಿನದೊಳಗೆ ಸಹಿ ಹಾಕಬೇಕು. ಆದರೆ ಅದೇ ಕಲಂನ ಉಪಕಲಂ 3 ಇನ್ನೊಂದು ಬಾಗಿಲು ತೆರೆದಿದೆ. 3 ವರ್ಷ ಅಥವಾ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಬಹುದು. ಸ್ಟಾಕಿಂಗ್ ಸರಿಯಾಗಿ ಇದರೊಳಗೆ ಬೀಳುತ್ತದೆ. ಡಿಜಿಟಲ್ ಸಾಕ್ಷ್ಯ ಅಳಿಯುವ ಅಪರಾಧದಲ್ಲಿ ಮೊದಲ ಎರಡು ವಾರ ಹೀಗೆ ಹೋದರೆ ನಷ್ಟ ಯಾರಿಗೆಂದು ಬಿಡಿಸಿ ಹೇಳಬೇಕಿಲ್ಲ.

ಕಲಂ ಆಯ್ಕೆಯಲ್ಲೂ ಸೂಕ್ಷ್ಮವಿದೆ. ನ್ಯಾಯ ಸಂಹಿತೆಯ ಕಲಂ 78ನ್ನು ಪಿಎಸ್‌ಐ ತನಿಖೆ ಮಾಡಬಹುದು. ಐಟಿ ಕಾಯ್ದೆಯ ಅಪರಾಧಗಳನ್ನು ಆ ಕಾಯ್ದೆಯ ಕಲಂ 78ರ ಪ್ರಕಾರ ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ನಕಲಿ ಖಾತೆಗೆ 66ಸಿ, ಖಾಸಗಿ ಚಿತ್ರ ಹಂಚಿದರೆ 66ಇ, ಪಾಸ್‌ವರ್ಡ್ ಮುರಿದರೆ 43 ಜೊತೆ 66 ಸೇರಿಸಿದ ಕೂಡಲೇ ಕಡತ ಇನ್‌ಸ್ಪೆಕ್ಟರ್ ಮೇಜಿಗೆ ಹೋಗಬೇಕು. ಅಲ್ಲಿ ಆಗಲೇ ಕೋಟಿ ರೂಪಾಯಿ ವಂಚನೆಯ ಕಡತಗಳು ರಾಶಿ ಬಿದ್ದಿರುತ್ತವೆ. ಇದನ್ನು ತಪ್ಪಿಸಲು ಐಟಿ ಕಲಂಗಳನ್ನೇ ಬಿಟ್ಟುಬಿಟ್ಟರೆ ಮುಂದೆ ದೋಷಾರೋಪ ಪಟ್ಟಿ ಸೊರಗುತ್ತದೆ.

ಹಾಗಾಗಿ ನಡೆಯುವುದು ಹಳೆಯ ಪದ್ಧತಿ. ಗೊತ್ತಿರುವ ಹುಡುಗನಾಗಿದ್ದರೆ ಕರೆಸಿ ಗದರಿಸಿ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ದೂರುದಾರರಿಗೆ ಹಿಂಬರಹ ಕೊಟ್ಟು ಮುಗಿಸುತ್ತಾರೆ. ಕೆಲವರು ಅಲ್ಲಿಗೆ ಬಿಡುವುದೂ ಉಂಟು. ಬಿಡದಿದ್ದಾಗ ಮಾತ್ರ ಸಮಸ್ಯೆ. ಎಫ್‌ಐಆರ್ ಇಲ್ಲದ ಮುಚ್ಚಳಿಕೆ ಮುರಿದರೆ ಶಿಕ್ಷೆಯೇನೂ ಇಲ್ಲ, ಮತ್ತು ದೂರು ಕೊಟ್ಟವರು ಯಾರೆಂದು ಅವನಿಗೆ ಈಗ ಖಚಿತವಾಗಿ ಗೊತ್ತಿದೆ. ಠಾಣೆಯಲ್ಲಿ ಎಫ್‌ಐಆರ್ ನಿರಾಕರಿಸಿದರೆ ಎಸ್‌ಪಿಗೆ ಲಿಖಿತ ದೂರು, ಅದಕ್ಕೂ ಸ್ಪಂದಿಸದಿದ್ದರೆ ಮ್ಯಾಜಿಸ್ಟ್ರೇಟ್ ಎಂಬ ಕ್ರಮವನ್ನು ಕಲಂ 173(4) ಕೊಟ್ಟಿದೆ.

ಐಪಿ ವಿಳಾಸದಿಂದ ಮನುಷ್ಯನವರೆಗೆ

‘ಐಪಿ ಅಡ್ರೆಸ್ ಹಿಡಿದರೆ ಆಯಿತಲ್ಲ’ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಇಂಟರ್‌ನೆಟ್ ಸಂಪರ್ಕಕ್ಕೆ ಸಿಗುವ ಸಂಖ್ಯಾರೂಪದ ವಿಳಾಸ ಅದು. ಆ ಹಾದಿಯ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡಿದರೆ ಎಲ್ಲಿ ಕಾಲು ಜಾರುತ್ತದೆ ಎಂದು ತಿಳಿಯುತ್ತದೆ.

ಮೊದಲು ಖಾತೆಯ ಗುರುತು ಬೇಕು. ಬಳಕೆದಾರ ಹೆಸರು ಸಾಲದು, ಅದನ್ನು ಒಂದು ನಿಮಿಷದಲ್ಲಿ ಬದಲಿಸಬಹುದು. ಖಾತೆಯ ಹಿಂದಿರುವ ಸಂಖ್ಯಾರೂಪದ ಐಡಿ ಮಾತ್ರ ಬದಲಾಗುವುದಿಲ್ಲ. ಪ್ರೊಫೈಲ್‌ನ ಪೂರ್ಣ ಲಿಂಕ್ ಮತ್ತು ಆ ಐಡಿ ಇಲ್ಲದೆ ನೋಟಿಸ್ ಕಳಿಸಿದರೆ ‘ಇಂಥ ಖಾತೆ ಇಲ್ಲ’ ಎಂಬ ಉತ್ತರ ಬರುತ್ತದೆ.

ಎರಡನೆಯದು ಮಾಹಿತಿಯನ್ನು ಹಾಗೇ ಹಿಡಿದಿಡುವ ಕೋರಿಕೆ. ದೊಡ್ಡ ಕಂಪನಿಗಳಲ್ಲಿ ಪೊಲೀಸರಿಗೆಂದೇ ಪ್ರತ್ಯೇಕ ಪೋರ್ಟಲ್ ಇದೆ. ಅಮೆರಿಕದ ಕಾನೂನಿನಲ್ಲಿ ಈ ಹಿಡಿದಿಡುವಿಕೆಯ ಅವಧಿ 90 ದಿನ, ಇನ್ನೊಮ್ಮೆ 90 ದಿನ ವಿಸ್ತರಿಸಬಹುದು. ಎಫ್‌ಐಆರ್ ಆದ ದಿನವೇ ಮಾಡಬೇಕಾದ ಕೆಲಸ ಇದು. ತಡವಾಗಿ ಕೇಳಿದರೆ ಖಾತೆಯನ್ನು ಅವನೇ ಅಳಿಸಿರುತ್ತಾನೆ. 2021ರ ಐಟಿ ನಿಯಮಗಳು ಖಾತೆ ರದ್ದಾದ ಮೇಲೂ ನೋಂದಣಿ ಮಾಹಿತಿಯನ್ನು 180 ದಿನ ಇಟ್ಟುಕೊಳ್ಳಬೇಕು ಎನ್ನುತ್ತವೆ. ಸಣ್ಣಪುಟ್ಟ ಆ್ಯಪ್‌ಗಳು ಅಷ್ಟನ್ನಾದರೂ ಪಾಲಿಸುತ್ತವೆ ಎಂಬ ಭರವಸೆಯಿಲ್ಲ.

ಮೂರನೆಯದು ದಾಖಲೆ ಒದಗಿಸಿ ಎಂದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 94ರಡಿ ಕೊಡುವ ನೋಟಿಸ್. ಉತ್ತರವಾಗಿ ಲಾಗಿನ್ ದಾಖಲೆ ಬರುತ್ತದೆ, ಅದರಲ್ಲಿ ಐಪಿ ವಿಳಾಸ ಮತ್ತು ಸಮಯ ಇರುತ್ತದೆ. ಸಮಯ ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಪ್ರಮಾಣಿತ ಸಮಯದಲ್ಲಿ. ದಾಖಲೆಯಲ್ಲಿ ‘ಆಗಸ್ಟ್ 14, 18:52:07 ಯುಟಿಸಿ’ ಎಂದಿದ್ದರೆ ಭಾರತದ ಗಡಿಯಾರದಲ್ಲಿ ಅದು ಆಗಸ್ಟ್ 15ರ ನಡುರಾತ್ರಿ ಕಳೆದು 12 ಗಂಟೆ 22 ನಿಮಿಷ 7 ಸೆಕೆಂಡ್. ಐದೂವರೆ ಗಂಟೆ ಸೇರಿಸಲು ಮರೆತು ಟೆಲಿಕಾಂ ಕಂಪನಿಗೆ 14ರ ಸಂಜೆಯ ವಿವರ ಕೇಳಿದರೆ ಯಾರದೋ ಹೆಸರು ಬರುತ್ತದೆ. ತಪ್ಪು ಮನುಷ್ಯನನ್ನು ಕರೆಸಿ ಕೂರಿಸುತ್ತಾರೆ, ನಿಜವಾದವನ ಪರ ವಕೀಲರು ಮುಂದೆ ಇದನ್ನೇ ಹಿಡಿಯುತ್ತಾರೆ.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ ಮೆಟ್ಟಿಲು. ಹಳೆಯ ಐಪಿವಿ4 ವಿಳಾಸಗಳು ಸಾಲದೆ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಏಕಕಾಲದಲ್ಲಿ ನೂರಾರು ಗ್ರಾಹಕರಿಗೆ ಹಂಚುತ್ತವೆ. ಅವರಲ್ಲಿ ಒಬ್ಬನನ್ನು ಬೇರ್ಪಡಿಸಲು ಸೆಕೆಂಡ್‌ವರೆಗಿನ ಸಮಯದ ಜೊತೆಗೆ ಪೋರ್ಟ್ ಸಂಖ್ಯೆಯೂ, ಅಂದರೆ ಒಂದೇ ವಿಳಾಸದ ಒಳಗೆ ಪ್ರತಿ ಸಂಪರ್ಕವನ್ನು ಬೇರೆ ಮಾಡಿ ತೋರಿಸುವ ಸಂಖ್ಯೆಯೂ ಬೇಕು. ಜಾಲತಾಣ ಪೋರ್ಟ್ ಸಂಖ್ಯೆ ದಾಖಲಿಸಿರದಿದ್ದರೆ ಟೆಲಿಕಾಂ ಕಂಪನಿ ಕೊಡುವುದು ಒಂದು ಹೆಸರಲ್ಲ, ಉದ್ದನೆಯ ಪಟ್ಟಿ. ಟೆಲಿಕಾಂ ಕಂಪನಿಗಳು ಇಂಟರ್‌ನೆಟ್ ಬಳಕೆಯ ದಾಖಲೆಯನ್ನು ಕನಿಷ್ಠ ಎರಡು ವರ್ಷ ಇಡಬೇಕೆಂದು 2021ರ ಡಿಸೆಂಬರ್‌ನಿಂದ ನಿಯಮವಿದೆ. ಅಂದರೆ ಸರಪಳಿ ಮುರಿಯುವುದು ಹೆಚ್ಚಾಗಿ ಜಾಲತಾಣದ ತುದಿಯಲ್ಲಿ. ಹೊಸ ಬಗೆಯ, ಹೀಗೆ ಹಂಚಬೇಕಿಲ್ಲದ ಐಪಿವಿ6 ವಿಳಾಸ ಸಿಕ್ಕರೆ ಈ ತಲೆನೋವು ಬಹಳ ಮಟ್ಟಿಗೆ ಇಲ್ಲ. ನಿಜವಾದ ವಿಳಾಸ ಮರೆಸುವ ವಿಪಿಎನ್ ಬಳಸಿದ್ದರೆ ಹಾದಿ ಹೊರದೇಶದ ಸರ್ವರಿಗೆ ತಿರುಗುತ್ತದೆ.

ಇಷ್ಟಾಗಿ ಸಿಕ್ಕಿದ್ದು ಒಂದು ಸಿಮ್ ಅಥವಾ ಮನೆಯ ವೈಫೈ. ಸಿಮ್ ಯಾರ ಹೆಸರಲ್ಲಿದೆಯೋ ಅವರೇ ಬೆರಳಾಡಿಸಿದವರು ಎಂದೇನಿಲ್ಲ. ಫೋನ್ ಜಪ್ತಿ, ವಿಧಿವಿಜ್ಞಾನ ಪರೀಕ್ಷೆ, ಆ ಹೊತ್ತಿನಲ್ಲಿ ಫೋನ್ ಯಾರ ಕೈಯಲ್ಲಿತ್ತು ಎಂಬ ಸಾಕ್ಷಿ ಬೇಕು. ವಿಧಿವಿಜ್ಞಾನ ತಂಡದ ಭೇಟಿಯನ್ನು ಹೊಸ ಕಾನೂನು ಕಡ್ಡಾಯ ಮಾಡಿರುವುದು 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ. ಸ್ಟಾಕಿಂಗ್ ಅದರ ಹೊರಗೆ.

ಗೌಪ್ಯತೆಯ ಜಗಳದಲ್ಲಿ ಸ್ಟಾಕಿಂಗ್ ಎಲ್ಲಿದೆ

ಐಟಿ ನಿಯಮಗಳ ಪ್ರಕಾರ ತನಿಖಾ ಸಂಸ್ಥೆ ಕೇಳಿದ ಮಾಹಿತಿಯನ್ನು ಕಂಪನಿ 72 ಗಂಟೆಯೊಳಗೆ ಕೊಡಬೇಕು. ಆದರೆ ಸಂದೇಶದ ಒಳಗಿನ ಬರಹವನ್ನು ವಿದೇಶಿ ಪೊಲೀಸರಿಗೆ ನೇರವಾಗಿ ಕೊಡಲು ಅಮೆರಿಕದ ಕಾನೂನು ಬಿಡುವುದಿಲ್ಲ. ಅದಕ್ಕೆ ಎರಡು ದೇಶಗಳ ಪರಸ್ಪರ ಕಾನೂನು ನೆರವಿನ ಒಪ್ಪಂದದ ಮೂಲಕ, ಗೃಹ ಸಚಿವಾಲಯದ ಕೈದಾಟಿ ಹೋಗಬೇಕು. ಮೂರು ವರ್ಷದ ಶಿಕ್ಷೆಯ ಕೇಸಿಗೆ ಯಾವ ತನಿಖಾಧಿಕಾರಿ ತಿಂಗಳುಗಟ್ಟಲೆ ಕಾಯುವ ಆ ದಾರಿ ಹಿಡಿಯುತ್ತಾರೆ? ಬ್ರಿಟನ್ ಮತ್ತು ಆಸ್ಟ್ರೇಲಿಯಾ ಅಮೆರಿಕದ ಕ್ಲೌಡ್ ಕಾಯ್ದೆಯ ಅಡಿ, ಕಂಪನಿಗಳಿಂದ ನೇರವಾಗಿ ಮಾಹಿತಿ ಕೇಳುವ ಒಪ್ಪಂದ ಮಾಡಿಕೊಂಡಿವೆ. ಭಾರತಕ್ಕೆ ಅಂಥದ್ದಿಲ್ಲ.

ವಾಟ್ಸ್ಆ್ಯಪ್‌ನಂಥ ಸೇವೆಗಳಲ್ಲಿ ಬರಹ ಕಂಪನಿಗೂ ಓದಲಾಗದ ಗೂಢಲಿಪಿಯಲ್ಲಿ ಇರುತ್ತದೆ. ಸಂದೇಶವನ್ನು ಮೊದಲು ಕಳಿಸಿದವರು ಯಾರೆಂದು ಹೇಳಬೇಕೆಂಬ ನಿಯಮ 4(2)ರ ವಿರುದ್ಧ ವಾಟ್ಸ್ಆ್ಯಪ್ 2021ರಲ್ಲೇ ದೆಹಲಿ ಹೈಕೋರ್ಟ್‌ಗೆ ಹೋಗಿದೆ. ಈ ನಿಯಮವನ್ನು ಸಮರ್ಥಿಸುವವರು ಮಹಿಳೆಯರ ಸುರಕ್ಷತೆಯನ್ನು ಮುಂದಿಡುತ್ತಾರೆ. ನಿಯಮವನ್ನು ಓದಿದರೆ, ಅದರಲ್ಲಿ ಹೆಸರಿಸಿರುವುದು ಅತ್ಯಾಚಾರ, ಲೈಂಗಿಕ ದೃಶ್ಯಗಳು, ಮಕ್ಕಳ ಲೈಂಗಿಕ ದೌರ್ಜನ್ಯಕ್ಕೆ ಸಂಬಂಧಿಸಿದ, ಕನಿಷ್ಠ 5 ವರ್ಷ ಶಿಕ್ಷೆಯ ಅಪರಾಧಗಳು ಮತ್ತು ದೇಶದ ಭದ್ರತೆಯಂಥ ವಿಷಯಗಳು. ಸ್ಟಾಕಿಂಗ್ ಪಟ್ಟಿಯಲ್ಲೇ ಇಲ್ಲ. ಮೇಲಾಗಿ, ಕಾಡುವವನ ಸಂದೇಶ ಕೈಯಿಂದ ಕೈಗೆ ಸಾಗಿ ಬಂದದ್ದಲ್ಲ, ನೇರವಾಗಿ ಆಕೆಯ ಫೋನಿಗೇ ಬಂದದ್ದು. ಬರಹ ಆಕೆಯ ಬಳಿಯೇ ಇದೆ. ಗೊತ್ತಾಗಬೇಕಿರುವುದು ಖಾತೆಯ ಹಿಂದೆ ಯಾರಿದ್ದಾರೆ ಎಂಬುದು. ಅದಕ್ಕೆ ಗೂಢಲಿಪಿ ಒಡೆಯಬೇಕಿಲ್ಲ.

ಎಲ್ಲ ಖಾತೆಗೂ ಗುರುತಿನ ಚೀಟಿ ಕಡ್ಡಾಯ ಮಾಡಿ ಎಂಬ ವಾದಕ್ಕೂ ಎರಡು ಮುಖ. ತನಿಖೆ ಸುಲಭವಾದೀತು, ನಿಜ. ಆದರೆ ಬೆನ್ನು ಬಿದ್ದವನಿಂದ ತಪ್ಪಿಸಿಕೊಳ್ಳಲು ಹೆಸರು ಮರೆಸಿಕೊಂಡು ಖಾತೆ ಇಟ್ಟುಕೊಂಡವರಲ್ಲಿ ಸಂತ್ರಸ್ತರೇ ಇದ್ದಾರೆ. ಗುರುತಿನ ದಾಖಲೆ ಸೋರಿದರೆ ಮೊದಲು ಸಿಕ್ಕಿಬೀಳುವುದು ಅವರು.

2025ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಮೆಸೇಜಿಂಗ್ ಆ್ಯಪ್‌ಗಳು ನೋಂದಾಯಿಸಿದ ಸಿಮ್ ಫೋನಿನಲ್ಲಿ ಇದ್ದರಷ್ಟೇ ನಡೆಯಬೇಕು, ವೆಬ್ ಆವೃತ್ತಿ ಆರು ಗಂಟೆಯೊಳಗೆ ತಾನಾಗಿ ಲಾಗೌಟ್ ಆಗಬೇಕು ಎಂದು ಆದೇಶಿಸಿತು. ಉದ್ದೇಶ ಮುಖ್ಯವಾಗಿ ವಂಚನೆ ತಡೆ. ಆದರೂ ಕದ್ದು ಲಿಂಕ್ ಮಾಡಿದ ಲ್ಯಾಪ್‌ಟಾಪಿನಿಂದ ಮಡದಿಯ ಅಥವಾ ಗೆಳತಿಯ ಚಾಟ್ ಓದುವವರಿಗೂ ಇಂಥ ನಿಯಮ ಅಡ್ಡಿಯಾಗುತ್ತದೆ.

ಕೋರ್ಟಿನಲ್ಲಿ ನಿಲ್ಲುವ ಸಾಕ್ಷ್ಯ

ಕತ್ತರಿಸಿದ ಸ್ಕ್ರೀನ್‌ಶಾಟ್ ದೂರು ಕೊಡಲು ಸಾಕು, ಕೇಸು ಗೆಲ್ಲಲು ಸಾಲದು. ಹೊಸ ಸಾಕ್ಷ್ಯ ಕಾನೂನಾದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯ ಜೊತೆ ಎರಡು ಭಾಗದ ಪ್ರಮಾಣಪತ್ರ ಬೇಕು. ಮೊದಲ ಭಾಗಕ್ಕೆ ದಾಖಲೆ ಕೊಡುವವರು, ಎರಡನೆಯದಕ್ಕೆ ತಜ್ಞರು ಸಹಿ ಹಾಕಬೇಕು. ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ, ಅಂದರೆ ಕಡತದಿಂದಲೇ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಕೇತ, ನಮೂದಾಗಬೇಕು. ಒಂದು ಅಕ್ಷರ ಬದಲಾದರೂ ಹ್ಯಾಶ್ ಬದಲಾಗುವುದರಿಂದ ತಿರುಚಿಲ್ಲ ಎಂಬುದಕ್ಕೆ ಅದೇ ಆಧಾರ. ಮೂಲ ಫೋನನ್ನೇ ಹಾಜರುಪಡಿಸಿದರೆ ಪ್ರಮಾಣಪತ್ರ ಬೇಡ ಎಂದು ಹಳೆಯ ಸಾಕ್ಷ್ಯ ಕಾಯ್ದೆಯಡಿ 2020ರ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಫೋನ್ ವರ್ಷಗಟ್ಟಲೆ ಠಾಣೆಯ ಕಪಾಟಿನಲ್ಲಿರಲಿ ಎಂದು ಯಾರು ಒಪ್ಪುತ್ತಾರೆ?

ಹಾಗಾಗಿ ದೂರಿಗೆ ಮುಂಚೆಯೇ ಮಾಡಿಟ್ಟುಕೊಳ್ಳಬೇಕಾದ ಕೆಲಸಗಳಿವೆ. ‘ನನ್ನನ್ನು ಸಂಪರ್ಕಿಸಬೇಡಿ’ ಎಂದು ಒಂದೇ ಒಂದು ಸಲ, ನೇರ ಮಾತಿನಲ್ಲಿ ಬರೆದು ಕಳಿಸಿ, ಆಮೇಲೆ ಬೈಯಲಿಕ್ಕೂ ಉತ್ತರಿಸಬಾರದು. ಸ್ಕ್ರೀನ್‌ಶಾಟ್‌ನಲ್ಲಿ ದಿನಾಂಕ, ಸಮಯ, ಖಾತೆಯ ಹೆಸರು ಒಟ್ಟಿಗೆ ಕಾಣಬೇಕು. ಅದರ ಜೊತೆಗೆ ಪ್ರೊಫೈಲ್ ತೆರೆಯುವಲ್ಲಿಂದ ಸಂದೇಶದವರೆಗೆ ಸ್ಕ್ರೀನ್ ರೆಕಾರ್ಡಿಂಗ್ ಮಾಡಿಟ್ಟರೆ ಒಳ್ಳೆಯದು. ವಾಟ್ಸ್ಆ್ಯಪ್ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ, ಮೂಲವನ್ನು ಅಳಿಸದೆ ಬಿಡಿ. ಇಮೇಲ್ ಆದರೆ ಪ್ರಿಂಟ್‌ಗಿಂತ ಅದು ಬಂದ ದಾರಿಯ ವಿವರವಿರುವ ಪೂರ್ಣ ಹೆಡರ್ ಮುಖ್ಯ, ಜಿಮೇಲ್‌ನಲ್ಲಿ ‘ಶೋ ಒರಿಜಿನಲ್’ ಒತ್ತಿದರೆ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ದಿನಾಂಕವಾರು ಪಟ್ಟಿ: ಯಾವತ್ತು, ಎಷ್ಟು ಹೊತ್ತಿಗೆ, ಯಾವ ಖಾತೆಯಿಂದ, ಏನು, ಜೊತೆಗೆ ಯಾರಿದ್ದರು. ಬಿಡಿ ಸಂದೇಶಗಳನ್ನು ವರ್ತನೆಯಾಗಿ ತೋರಿಸುವ ಏಕೈಕ ಕಾಗದ ಅದು. ಒಂದು ರೂಪಾಯಿಯ ಯುಪಿಐ ಸಂದೇಶವೂ ಅದರಲ್ಲಿ ಬರಲಿ. ಅದರ ಹಿಂದೆ ಬ್ಯಾಂಕ್ ಖಾತೆ ಇರುವುದರಿಂದ ಉಳಿದೆಲ್ಲಕ್ಕಿಂತ ಬೇಗ ಹೆಸರು ಸಿಗುವುದು ಅದರಿಂದಲೇ. ಬುದ್ಧಿವಂತರು ಎಡವುವುದು ಸಾಮಾನ್ಯವಾಗಿ ಅಲ್ಲೇ.

ಬ್ಲಾಕ್ ಮಾಡಬೇಕೇ ಬೇಡವೇ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಮ್ಯೂಟ್ ಮಾಡಿದರೆ ಸಾಕ್ಷ್ಯ ಒಂದೇ ಕಡೆ ಸೇರುತ್ತದೆ. ಆದರೆ ನೋಡಿ ನೋಡಿ ನಿದ್ದೆಗೆಡುವವರಿಗೆ ಸಾಕ್ಷ್ಯಕ್ಕಿಂತ ನೆಮ್ಮದಿ ದೊಡ್ಡದು.

ಎಲ್ಲಿ ಹೋಗುತ್ತೀರಿ, ಯಾರ ಜೊತೆ ಮಾತಾಡುತ್ತೀರಿ ಎಂಬುದೆಲ್ಲ ಅವನಿಗೆ ತಿಳಿಯುತ್ತಿದೆ ಎಂದಾದರೆ ಸಂದೇಹ ಫೋನಿನ ಒಳಗಡೆಗೆ ತಿರುಗಬೇಕು. ವಾಟ್ಸ್ಆ್ಯಪ್‌ನ ಲಿಂಕ್ಡ್ ಡಿವೈಸಸ್, ಗೂಗಲ್ ಖಾತೆಯ ಸಾಧನಗಳ ಪಟ್ಟಿ, ಮ್ಯಾಪ್ಸ್‌ನ ಲೊಕೇಶನ್ ಶೇರಿಂಗ್, ಆ್ಯಕ್ಸೆಸಿಬಿಲಿಟಿ ಅನುಮತಿ ಪಡೆದ ಅಪರಿಚಿತ ಆ್ಯಪ್‌ಗಳನ್ನು ನೋಡಬೇಕು. ಸಿಕ್ಕಿದ್ದನ್ನು ಗಾಬರಿಯಲ್ಲಿ ಅಳಿಸಿದರೆ ಎರಡು ನಷ್ಟ: ಸಾಕ್ಷ್ಯ ಹೋಗುತ್ತದೆ, ಅವನಿಗೆ ಸುಳಿವು ಸಿಗುತ್ತದೆ. ಮೊದಲು ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆದು, ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ, ಕೊನೆಗೆ ತೆಗೆಯುವುದು ಸರಿಯಾದ ಕ್ರಮ. ಬ್ಯಾಗಿನಲ್ಲೋ ಸ್ಕೂಟರ್ ಸೀಟಿನಡಿಯೋ ಏರ್‌ಟ್ಯಾಗ್‌ನಂಥ ಟ್ರ್ಯಾಕರ್ ಸಿಕ್ಕರೆ ಎಸೆಯಬಾರದು. ಅದರ ಸೀರಿಯಲ್ ಸಂಖ್ಯೆಯಿಂದ ಖಾತೆದಾರನನ್ನು ಪೊಲೀಸರು ಕಂಪನಿಯ ಮೂಲಕ ಪತ್ತೆ ಮಾಡಬಹುದು. 2024ರ ಮೇ ತಿಂಗಳಿಂದ ಆ್ಯಪಲ್ ಮತ್ತು ಗೂಗಲ್ ಒಟ್ಟಾಗಿ, ಅಪರಿಚಿತ ಟ್ರ್ಯಾಕರ್ ಜೊತೆಗೇ ಸಾಗುತ್ತಿದ್ದರೆ ಎರಡೂ ಬಗೆಯ ಫೋನ್‌ಗಳಲ್ಲಿ ಎಚ್ಚರಿಕೆ ಬರುವ ವ್ಯವಸ್ಥೆ ಮಾಡಿವೆ.

ಮರೆತ ಮೂರನೇ ದಾರಿ

ಜೈಲು ಅಥವಾ ಜಾಮೀನು ಎಂಬ ಎರಡರ ನಡುವೆ ಬ್ರಿಟನ್ 2019ರ ಸ್ಟಾಕಿಂಗ್ ರಕ್ಷಣಾ ಕಾಯ್ದೆಯಲ್ಲಿ ಇನ್ನೊಂದನ್ನು ಇಟ್ಟಿತು. ಶಿಕ್ಷೆಯಾಗುವವರೆಗೆ ಕಾಯದೆ ಪೊಲೀಸರೇ ಮ್ಯಾಜಿಸ್ಟ್ರೇಟ್ ಮುಂದೆ ಹೋಗಿ ‘ಸಂಪರ್ಕಿಸಬಾರದು, ಸುಳಿಯಬಾರದು’ ಎಂಬ ಆದೇಶ ಪಡೆಯಬಹುದು. ಮುರಿದರೆ ಅದೇ ಪ್ರತ್ಯೇಕ ಅಪರಾಧ, 5 ವರ್ಷದವರೆಗೆ ಶಿಕ್ಷೆ. ಜಪಾನ್‌ನಲ್ಲಿ 2000ದ ಕಾಯ್ದೆಯಿಂದಲೇ ಎಚ್ಚರಿಕೆ ಮತ್ತು ನಿಷೇಧಾದೇಶದ ಪದ್ಧತಿ ಇದೆ. ಜಿಪಿಎಸ್ ಇಟ್ಟು ಪತ್ತೆಹಚ್ಚುವುದು ಆ ಕಾಯ್ದೆಯ ‘ಕಾವಲು ಕಾಯುವುದು’ ಎಂಬುದರೊಳಗೆ ಬರುವುದಿಲ್ಲ ಎಂದು 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ ಮರುವರ್ಷವೇ ಕಾಯ್ದೆಯನ್ನು ತಿದ್ದಿ ಜಿಪಿಎಸ್ ಸೇರಿಸಿದರು.

ಇಂಥ ಅಸ್ತ್ರ ಭಾರತಕ್ಕೆ ಹೊಸದೂ ಅಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಕಲಂ 18ರಲ್ಲಿ, ಎಲೆಕ್ಟ್ರಾನಿಕ್ ಮತ್ತು ದೂರವಾಣಿ ಸಂಪರ್ಕವನ್ನೂ ಹೆಸರಿಸಿ, ಯಾವ ರೀತಿಯಲ್ಲೂ ಸಂಪರ್ಕಿಸಬಾರದೆಂದು ಮ್ಯಾಜಿಸ್ಟ್ರೇಟ್ ಆದೇಶಿಸಬಹುದು. ಉಲ್ಲಂಘಿಸಿದರೆ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಮತ್ತು ಅದು ಜಾಮೀನುರಹಿತ. ಮೂರು ವರ್ಷ ಶಿಕ್ಷೆಯ ಸ್ಟಾಕಿಂಗ್‌ಗೆ ಜಾಮೀನು ಹಕ್ಕು, ಒಂದು ವರ್ಷ ಶಿಕ್ಷೆಯ ಆದೇಶ ಉಲ್ಲಂಘನೆಗೆ ಜಾಮೀನು ಹಕ್ಕಲ್ಲ. ಆದರೆ ಈ ರಕ್ಷಣೆ ಒಂದೇ ಸೂರಿನಡಿ ಬಾಳಿದ ಕೌಟುಂಬಿಕ ಸಂಬಂಧಗಳಿಗೆ ಮಾತ್ರ. ಮಾಜಿ ಪತಿಯ ವಿರುದ್ಧ ಸಿಗುವ ಆದೇಶ ಮಾಜಿ ಸಹೋದ್ಯೋಗಿಯ ವಿರುದ್ಧ ಸಿಗದು. ಇದನ್ನು ಸ್ಟಾಕಿಂಗ್‌ಗೂ ವಿಸ್ತರಿಸಲು ಪೊಲೀಸರಿಗೆ ಹೊಸ ಕಣ್ಗಾವಲು ಅಧಿಕಾರ ಬೇಡ, ಗೂಢಲಿಪಿ ಒಡೆಯುವುದು ಬೇಡ, ದೂರು ಬಂದ ಕೂಡಲೇ ಯಾರನ್ನೋ ಜೈಲಿಗೆ ಹಾಕುವುದೂ ಬೇಡ. ಎರಡೂ ಕಡೆಯವರ ಆಕ್ಷೇಪ ತಗ್ಗಿಸುವ ಈ ಬದಲಾವಣೆ ಯಾಕೆ ಚರ್ಚೆಗೇ ಬಂದಿಲ್ಲ ಎಂಬುದು ಅಚ್ಚರಿ.

ಹತ್ತಿರದಲ್ಲಿ ಬರಲಿರುವ ಬದಲಾವಣೆ ಬೇರೆ ಕಡೆಯಿಂದ. 2025ರ ನವೆಂಬರ್‌ನಲ್ಲಿ ಅಧಿಸೂಚನೆಯಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳು ಸಂಚಾರ ದಾಖಲೆ ಮತ್ತು ಲಾಗ್‌ಗಳನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳುವಂತೆ ಸಂಸ್ಥೆಗಳಿಗೆ ಹೇಳಿವೆ. ಈ ಭಾಗ ಜಾರಿಗೆ ಬರುವುದು ಅಧಿಸೂಚನೆಯಿಂದ 18 ತಿಂಗಳ ನಂತರ. ಆಮೇಲೆ 180 ದಿನ ದಾಟಿದ ದೂರಿಗೂ ಲಾಗಿನ್ ದಾಖಲೆ ಸಿಗುವ ಸಾಧ್ಯತೆ ಹೆಚ್ಚುತ್ತದೆ. ಅದೇ ದಾಖಲೆ ಇನ್ನಷ್ಟು ಕಾಲ ಇರುವುದರಿಂದ ಸೋರುವ ಅಪಾಯವೂ ಅಷ್ಟೇ ಹೆಚ್ಚುತ್ತದೆ. ಪೋರ್ಟ್ ಸಂಖ್ಯೆಯನ್ನೂ ದಾಖಲಿಸಬೇಕೆಂದು ಯಾರಾದರೂ ಸ್ಪಷ್ಟವಾಗಿ ಬರೆಯದಿದ್ದರೆ, ಒಂದು ವರ್ಷ ಜೋಪಾನ ಮಾಡಿದ ಐಪಿ ವಿಳಾಸವೂ ತನಿಖಾಧಿಕಾರಿಯನ್ನು ತಂದು ನಿಲ್ಲಿಸುವುದು ನೂರಾರು ಹೆಸರುಗಳ ಅದೇ ಪಟ್ಟಿಯ ಮುಂದೆ.